ನೂರ ಇಪ್ಪತ್ತೇಳು ಹಲ್ಲು

ಮಿಸ್ತ್ರಿಯ ಬೆರಳುಗಳ ಗೆರೆಗಳಲ್ಲಿ ಎರಕದ ಕಬ್ಬಿಣದ ಕಪ್ಪು ಪುಡಿ ಕೂತುಬಿಟ್ಟಿತ್ತು. ಎಷ್ಟು ಸೋಪು ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಸೀಮೆಸುಣ್ಣ ಹಿಡಿದರೆ ಅದರ ಮೇಲೆ ಹೆಬ್ಬೆಟ್ಟಿನ ಗುರುತು ಅಚ್ಚಾಗುತ್ತಿತ್ತು. ಅದು ಎಡಗೈಯದೋ ಬಲಗೈಯದೋ ಎಂದು ಕೇಳಿದರೆ ಹೇಳಲಾರೆ. ನನ್ನ ನೆನಪಿನಲ್ಲಿ ಎಡಗೈ. ಅಕ್ಕ ಬಲಗೈ ಎನ್ನುತ್ತಾಳೆ. ಮುಂದೆ ಹೇಳಲಿರುವುದರಲ್ಲೂ ಒಂದು ಭಾಗ ನಿಜವಾಗಿ ನಡೆಯಿತೋ, ನಡೆಯಬೇಕಿತ್ತೆಂದು ನಾನೇ ಆಮೇಲೆ ಸೇರಿಸಿಕೊಂಡೆನೋ ನನಗೆ ಗೊತ್ತಿಲ್ಲ. ಆ ಭಾಗ ಬಂದಾಗ ಹೇಳುತ್ತೇನೆ.

ಅದು ಐವತ್ತರ ದಶಕ. ಮೈಸೂರಿನಿಂದ ಬಂದ ನಾನು ವಡಾಲದ ಒಂದು ಚಾಳಿನಲ್ಲಿ ಅಕ್ಕ-ಭಾವನ ಜೊತೆ ಇದ್ದುಕೊಂಡು ಗಣಿತದಲ್ಲಿ ಎಂ.ಎಸ್ಸಿ. ಓದುತ್ತಿದ್ದೆ. ಪಕ್ಕದ ಕೋಣೆಯಲ್ಲಿ ಮಿಸ್ತ್ರಿ ಒಬ್ಬರೇ. ಮಂಗಳೂರು ಕಡೆಯವರು. ಆ ಕಡೆಯಿಂದ ಬಂದವರು ಸಾಮಾನ್ಯವಾಗಿ ಮಾಟುಂಗದ ಹೋಟೆಲುಗಳಿಗೆ ಸೇರಿಕೊಂಡರೆ, ಇವರು ಧಾರಾವಿಯ ಒಂದು ವರ್ಕ್‌ಶಾಪಿನಲ್ಲಿ ಹಲ್ಲುಚಕ್ರ ಕೊರೆಯುತ್ತಿದ್ದರು. "ದೋಸೆಯೂ ಉರುಟು, ಚಕ್ರವೂ ಉರುಟು. ದೋಸೆಗೆ ಹಲ್ಲು ಬೇಡ, ಅಷ್ಟೇ" ಎನ್ನುತ್ತಿದ್ದರು.

ಯಾವ ಸಂಖ್ಯೆ ಕಂಡರೂ ಅದನ್ನು ಒಡೆಯುವುದು ಅವರ ಅಭ್ಯಾಸ. ನಾನು ಬಂದ ಮೊದಲ ದಿನವೇ ನಮ್ಮ ಬಾಗಿಲ ಮೇಲಿನ ಐವತ್ತೆರಡನ್ನು ನೋಡಿ, "ಎರಡು, ಎರಡು, ಹದಿಮೂರು. ಸಂಸಾರಸ್ಥರ ನಂಬ್ರ. ನನ್ನದು ಐವತ್ತಮೂರು. ಒಡೆಯುದಿಲ್ಲ. ಪಾಲು ಕೇಳುವವರು ಯಾರೂ ಇಲ್ಲ" ಎಂದಿದ್ದರು.

ಇದು ಬರೀ ಚಟವಾಗಿರಲಿಲ್ಲ. ಚಕ್ರಕ್ಕೆ ಹಲ್ಲು ಕೊರೆಯಬೇಕಾದರೆ ಅದರ ಅಂಚನ್ನು ಸರಿಸಮ ಪಾಲು ಮಾಡಬೇಕು. ಅದಕ್ಕೆ ಅವರ ಯಂತ್ರದಲ್ಲಿ ಸಾಲುಸಾಲು ತೂತುಗಳಿದ್ದ ತಟ್ಟೆಗಳಿದ್ದವು. ಹಲ್ಲುಗಳ ಸಂಖ್ಯೆ ಸಣ್ಣ ಸಣ್ಣ ಸಂಖ್ಯೆಗಳಾಗಿ ಒಡೆದರೆ ಹೊಂದುವ ತೂತಿನ ಸಾಲು ಸಿಗುತ್ತದೆ. ದೊಡ್ಡ ಅವಿಭಾಜ್ಯ ಸಂಖ್ಯೆಯಾದರೆ ಸಿಗುವುದಿಲ್ಲ. ನಾನು ಅವಿಭಾಜ್ಯ ಎನ್ನುತ್ತಿದ್ದುದನ್ನು ಅವರು ಹಟಮಾರಿ ಎನ್ನುತ್ತಿದ್ದರು.

"ಅವಿಭಾಜ್ಯ ಸಂಖ್ಯೆಗಳಿಗೆ ಕೊನೆಯೇ ಇಲ್ಲ ಮಿಸ್ತ್ರಿಗಳೇ. ಬೇಕಾದ್ರೆ ಸಾಧಿಸಿ ತೋರಿಸ್ತೀನಿ" ಎಂದೆ ಒಂದು ಸಲ.

"ಹಟಮಾರಿಗಳಿಗೆ ಕೊನೆ ಇಲ್ಲ ಅಂತ ಹೇಳ್ಲಿಕ್ಕೆ ಎಮ್ಮೆಸ್ಸಿ ಬೇಕಾ ಮಾರಾಯ? ನಮ್ಮ ಸೇಠನ ಹತ್ರ ಎರಡು ದಿನ ಕೆಲಸ ಮಾಡು, ಸಾಕು."

ಒಂದು ಸಂಜೆ ಅವರು ಕೆಲಸದಿಂದ ಬಂದವರೇ ಚಾಳಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ೧೨೭ ಎಂದು ಬರೆದರು. ಎರಡು, ಮೂರು, ಐದು, ಏಳು, ಹನ್ನೊಂದು ಎಂದು ಗೊಣಗಿ ಸೀಮೆಸುಣ್ಣ ಕೆಳಗಿಟ್ಟರು.

"ಹನ್ನೊಂದಕ್ಕೇ ಯಾಕೆ ನಿಲ್ಲಿಸಿದ್ರಿ?" ಪರೀಕ್ಷೆ ಮಾಡುವವನಂತೆ ಕೇಳಿದೆ.

"ಹದಿಮೂರರಿಂದ ಇದು ಒಡೆಯಬೇಕಾದ್ರೆ ಇನ್ನೊಂದು ಪಾಲು ಹದಿಮೂರಕ್ಕಿಂತ ಸಣ್ಣದಿರಬೇಕು, ಹೌದಾ? ಸಣ್ಣವರನ್ನೆಲ್ಲ ಆಗ್ಲೇ ವಿಚಾರಿಸಿ ಆಯ್ತಲ್ಲ. ಮತ್ತೆ ದೊಡ್ಡವರ ಬಾಗಿಲು ಯಾಕೆ ತಟ್ಟುದು?"

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು. ನಮ್ಮ ಪ್ರೊಫೆಸರು ಅರ್ಧ ಗಂಟೆ ತೆಗೆದುಕೊಂಡು ಹೇಳಿದ್ದೂ ಇದನ್ನೇ.

ಆ ನೂರ ಇಪ್ಪತ್ತೇಳು ಬಂದದ್ದು ಅಂಧೇರಿಯ ಒಂದು ಕಾರ್ಖಾನೆಯಿಂದ. ಕಾರ್ಖಾನೆಯವರಿಗೆ ಎರಡು ಮೊಳ ಉದ್ದದ ಸ್ಕ್ರೂಗಳು ಬೇಕಿದ್ದವು, ಮಿಲಿಮೀಟರಿನ ಅಳತೆಯಲ್ಲಿ. ಸೇಠನ ಹಳೆಯ ಲೇಥಿಗೆ ಗೊತ್ತಿದ್ದದ್ದು ಇಂಚು ಮಾತ್ರ. ಒಂದು ಇಂಚೆಂದರೆ ಇಪ್ಪತ್ತೈದೂವರೆಗೆ ತುಸು ಕಡಿಮೆ, ಹತ್ತು ಇಂಚಿಗೆ ಸರಿಯಾಗಿ ಇನ್ನೂರ ಐವತ್ತನಾಲ್ಕು ಮಿಲಿಮೀಟರು. ಅದನ್ನು ಒಡೆದರೆ ಎರಡು ಮತ್ತು ನೂರ ಇಪ್ಪತ್ತೇಳು. ಮುಂದೆ ಒಡೆಯುವುದಿಲ್ಲ. ಇಂಚಿನ ಲೇಥಿನಲ್ಲಿ ಮಿಲಿಮೀಟರಿನ ಸ್ಕ್ರೂ ತಿರುವಬೇಕಾದರೆ ನೂರ ಇಪ್ಪತ್ತೇಳು ಹಲ್ಲಿನ ಒಂದು ಚಕ್ರ ನಡುವೆ ಇರಲೇಬೇಕು. ಅದನ್ನು ಕೊರೆಯಲು ಬೇಕಾದ ತೂತಿನ ಸಾಲು ಅವರ ಯಾವ ತಟ್ಟೆಯಲ್ಲೂ ಇರಲಿಲ್ಲ.

"ಕೈಯಲ್ಲೇ ಪಾಲು ಮಾಡಬೇಕು. ನಾಲ್ಕು ದಿನ ಬೇಕು ಅಂದೆ. ಸೇಠ್ ಎರಡು ದಿನ ಅಂತಾನೆ" ಎಂದು ಹೇಳಿ ಕೆಮ್ಮಿದರು. ಆ ವರ್ಷ ಅವರಿಗೆ ಕೆಮ್ಮು ಶುರುವಾಗಿತ್ತು.

ನಾನು ಕಾಗದ ತೆಗೆದುಕೊಂಡೆ. ನೂರ ಇಪ್ಪತ್ತಾರು ಎಷ್ಟು ಚೆನ್ನಾಗಿ ಒಡೆಯುತ್ತದೆ: ಎರಡು, ಮೂರು, ಮೂರು, ಏಳು. ಅರ್ಧ ದಿನದ ಕೆಲಸ. ವ್ಯತ್ಯಾಸ ನೂರರಲ್ಲಿ ಒಂದರಷ್ಟೂ ಇಲ್ಲ. ಇಂಥ ತಪ್ಪನ್ನು ಯಾವ ಅಳತೆಯಲ್ಲೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಸಾಧಿಸಿದೆ.

"ಒಂದು ಹಲ್ಲು ಕಮ್ಮಿ ಇದ್ದ ಬಾಯಿಯಲ್ಲಿ ಊಟ ಮಾಡ್ಬಹುದು. ಚಕ್ರಕ್ಕೆ ಹಾಗೆ ಆಗ್ತದಾ?"

"ಲೆಕ್ಕ ನೋಡಿ ಮಿಸ್ತ್ರಿಗಳೇ. ಲೆಕ್ಕ ಸುಳ್ಳು ಹೇಳುತ್ತಾ?"

ಅವರು ಚೀಟಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ನೀನು ಓದಿದವ. ಇರಬಹುದು" ಎಂದು ಅಂಗಿಯ ಜೇಬಿಗೆ ಹಾಕಿಕೊಂಡರು. ಆಯಾಸದ ಧ್ವನಿ. ಅದನ್ನು ನಾನು ಒಪ್ಪಿಗೆ ಎಂದುಕೊಂಡೆ.

ನೂರ ಇಪ್ಪತ್ತಾರು ಹಲ್ಲಿನ ಚಕ್ರ ಹಾಕಿ ತಿರುವಿದ ಸ್ಕ್ರೂಗಳು ಎಂಟು ದಿನದಲ್ಲಿ ವಾಪಸು ಬಂದವು. ನಟ್ಟು ಎರಡು ಸುತ್ತು ಹೋಗಿ ಸಿಕ್ಕಿಕೊಳ್ಳುತ್ತಿತ್ತು. ಐದು ಇಂಚಿಗೆ ಒಂದು ಮಿಲಿಮೀಟರು ಜಾರಿತ್ತು. ಸೇಠ್ ಎಲ್ಲರೆದುರು ಅವರನ್ನು ಯಂತ್ರದಿಂದ ಎಬ್ಬಿಸಿ, ಬೇರೊಬ್ಬನನ್ನು ಕೂರಿಸಿದ. ಇಪ್ಪತ್ತೆರಡು ವರ್ಷ ಕೂತ ಜಾಗ. ಅವರಿಗೆ ಸಿಕ್ಕಿದ್ದು ಬೇರೆಯವರು ಕೊರೆದ ಚಕ್ರಗಳ ಅಂಚಿಗೆ ಅರ ಹಾಕಿ ನುಣುಪು ಮಾಡುವ ಕೆಲಸ. ಚೀಟಿ ಜೇಬಿನಲ್ಲೇ ಇತ್ತು. ಅವರು ತೋರಿಸಲಿಲ್ಲ. ಸಂಜೆ ನನ್ನ ಕೈಗೆ ಕೊಟ್ಟರು.

"ಇಟ್ಟುಕೋ. ಲೆಕ್ಕ ಸರಿಯೇ ಉಂಟು. ಸ್ಕ್ರೂ ಎರಡು ಮೊಳ ಉದ್ದ ಅಂತ ಮಾತ್ರ ಇದರಲ್ಲಿ ಬರೆದಿಲ್ಲ."

ನಾನು ಹೇಳಿದ ಆ ಭಾಗ ಇಲ್ಲಿದೆ. ಮರುದಿನ ನಾನು ಧಾರಾವಿಗೆ ಹೋಗಿ, ವರ್ಕ್‌ಶಾಪಿನ ಬಾಗಿಲಲ್ಲಿ ನಿಂತು, "ಗಲತೀ ಮೇರೀ ಥೀ ಸೇಠ್‌ಜೀ" ಎಂದು ತಪ್ಪೊಪ್ಪಿಕೊಂಡ ನೆನಪು ಸ್ಪಷ್ಟವಾಗಿದೆ. ಲೇಥಿನ ಸದ್ದು, ಪಕ್ಕದ ಚರ್ಮದ ಗೋದಾಮಿನ ವಾಸನೆ ಎಲ್ಲ ಇದೆ. ಆದರೆ ಆ ದೃಶ್ಯದಲ್ಲಿ ನನ್ನ ಮೂಗಿನ ಮೇಲೆ ಕನ್ನಡಕವೂ ಇದೆ. ನಾನು ಕನ್ನಡಕ ಹಾಕಿದ್ದು ನೌಕರಿಗೆ ಸೇರಿದ ಮೇಲೆ. "ಆ ವಾರ ನೀನು ಪರೀಕ್ಷೆ ಅಂತ ಕೋಣೆ ಬಿಟ್ಟು ಅಲ್ಲಾಡಲಿಲ್ಲ ಕಣೋ" ಎನ್ನುತ್ತಾಳೆ ಅಕ್ಕ.

ಆ ಭಾನುವಾರದ ಬಗ್ಗೆ ನಮ್ಮಿಬ್ಬರಿಗೂ ಅನುಮಾನವಿಲ್ಲ. ಮಿಸ್ತ್ರಿ ಚಾಳಿನ ವರಾಂಡದಲ್ಲಿ ಒಂದು ಉದ್ದನೆಯ ಕಾಗದದ ಪಟ್ಟಿ ಹಾಸಿ, ಕೈವಾರದಲ್ಲಿ ಒಂದೇ ಅಳತೆಯ ಗುರುತು ಹಾಕುತ್ತ ಮಂಡಿಯೂರಿ ಹೋದರು. ನಲ್ಲಿಗೆ ಹೋಗುವ ಹೆಂಗಸರು ಕೊಡ ಹಿಡಿದು ದಾಟಿಕೊಂಡು ಹೋದರು. ಸೇಠನನ್ನು ಅವರು ಕೇಳಿಕೊಂಡದ್ದು ಇಷ್ಟೇ: ಚಕ್ರ ನಾನೇ ಕೊರೆಯುತ್ತೇನೆ, ಆಮೇಲೆ ಬೇಕಾದ್ದು ಮಾಡು.

"ಎಣಿಸು" ಎಂದರು. ಎಣಿಸಿದೆ.

"ನೂರ ಇಪ್ಪತ್ತೆಂಟು ಗೆರೆ. ಒಂದು ಜಾಸ್ತಿ ಆಗಿದೆ!"

ಸುಸ್ತಾಗಿದ್ದರೂ ನಕ್ಕರು. "ಗೆರೆ ಎಣಿಸ್ಬೇಡ ಎಮ್ಮೆಸ್ಸಿ. ಮನೆ ಎಣಿಸು. ಹಲ್ಲು ಕೂರುದು ಮನೆಯಲ್ಲಿ."

ಮನೆಗಳು ನೂರ ಇಪ್ಪತ್ತೇಳೇ ಇದ್ದವು. ಆಮೇಲೆ ಮರದ ದೊಡ್ಡ ಬಿಲ್ಲೆಯೊಂದನ್ನು ಲೇಥಿನಲ್ಲಿ ಕೂದಲೆಳೆಯಷ್ಟಷ್ಟೇ ಕೆತ್ತುತ್ತ, ಸುತ್ತಿದ ಪಟ್ಟಿಯ ಎರಡು ತುದಿ ಸರಿಯಾಗಿ ಕೂಡುವವರೆಗೆ ಇಳಿಸಿದರಂತೆ. "ಚಕ್ರವನ್ನು ಪಟ್ಟಿಗೆ ಹೊಂದಿಸಬೇಕು. ಪಟ್ಟಿಯನ್ನು ಎಳೆದು ಚಕ್ರಕ್ಕೆ ಹೊಂದಿಸಿದ್ರೆ ಅದು ಸುಳ್ಳು" ಎಂದರು ನನಗೆ. ಆ ಬಿಲ್ಲೆಯ ಗುರುತುಗಳನ್ನು ನೋಡಿಕೊಂಡು ಕಬ್ಬಿಣದ ಚಕ್ರ ಕೊರೆದರು. ನಾಲ್ಕು ದಿನ ಹಿಡಿಯಿತು.

ಹೊಸ ಸ್ಕ್ರೂಗಳಲ್ಲಿ ನಟ್ಟು ಆ ತುದಿಯಿಂದ ಈ ತುದಿಗೆ ಓಡಿತು. ಸೇಠ್ ತಲೆಯಾಡಿಸಿದ. ಜಾಗ ಮಾತ್ರ ವಾಪಸು ಕೊಡಲಿಲ್ಲ. ಅಲ್ಲಿ ಆಗಲೇ ಒಬ್ಬ ಕೂತಿದ್ದನಲ್ಲ. ಮಿಸ್ತ್ರಿ ಮತ್ತೊಂದು ವರ್ಷ ಅರ ಹಾಕಿದರು. ಸಂಜೆ ಬಂದು ಬಾಗಿಲಲ್ಲಿ ಕೂರುತ್ತಿದ್ದರು. ನಂಬರುಗಳನ್ನು ಒಡೆಯುವುದು ಕಡಿಮೆಯಾಯಿತು. "ಸಾಕಾಯ್ತು ಮಾರಾಯ" ಎಂದು ಒಂದು ದಿನ ಟ್ರಂಕು ಕಟ್ಟಿಕೊಂಡು ಊರಿಗೆ ಹೊರಟರು. ಬಂದರಿನವರೆಗೆ ಟ್ರಂಕು ಹೊತ್ತವನು ನಾನು. ಸ್ಟೀಮರು ಹತ್ತುವ ಮುಂಚೆ ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. "ಟಿಕೇಟು ನಂಬ್ರ ನೋಡು. ಮೂರರಿಂದ ಹೋಗ್ತದೆ" ಎಂದು ಮಾತು ತಪ್ಪಿಸಿದರು. ಅಥವಾ ನಾನೇ ಹೇಳದೆ ಉಳಿದೆನೋ. ಮರುವರ್ಷ ಅವರು ತೀರಿಕೊಂಡರೆಂದು ಕಾರ್ಡು ಬಂತು.

ನಾನು ನೂರಾರು ಹುಡುಗರಿಗೆ ಅವಿಭಾಜ್ಯ ಸಂಖ್ಯೆಗಳನ್ನು ಪಾಠ ಮಾಡಿದೆ. ಹನ್ನೊಂದಕ್ಕೇ ಯಾಕೆ ನಿಲ್ಲಿಸಬೇಕು ಎಂಬುದನ್ನು ಅವರ ಮಾತಿನಲ್ಲೇ ಹೇಳಿದೆ. ಯಾರ ಮಾತೆಂದು ಹೇಳಲಿಲ್ಲ.

ಕೆಲಸದಿಂದ ನಿವೃತ್ತನಾಗುವ ಮುಂಚೆ ಒಮ್ಮೆ ಧಾರಾವಿಗೆ ಹೋದೆ. ವರ್ಕ್‌ಶಾಪು ಇತ್ತು. ಸೇಠನೂ ಇದ್ದ, ಮುದುಕನಾಗಿ, ಕುರ್ಚಿಯಲ್ಲಿ. ಮಿಸ್ತ್ರಿಯ ನೆನಪಿದೆಯೇ ಎಂದು ಕೇಳಿದೆ.

"ವೋ ಮಂಗಳೂರ್‌ವಾಲಾ? ಅಚ್ಛಾ ಕಾರೀಗರ್ ಥಾ. ಏಕ್ ಬಾರ್ ಗಲತ್ ಚಕ್ಕಾ ಕಾಟಾ."

ಆ ಚಕ್ರದ ತಪ್ಪು ನನ್ನದು ಎಂದೆ. ನೂರ ಇಪ್ಪತ್ತಾರು ಎಂದದ್ದು ನಾನು, ಅವರಲ್ಲ. ಅವನು ಕಿವಿಗೆ ಕೈಯಿಟ್ಟು ಎರಡು ಸಲ ಕೇಳಿಸಿಕೊಂಡ. "ಛೋಡೋ ಸಾಹೇಬ್, ಪುರಾನೀ ಬಾತ್" ಎಂದು ತಳ್ಳಿಹಾಕಿದ. ಈ ವಿಷಯವನ್ನೇ ಮೊದಲ ಸಲ ಕೇಳಿದವನ ಮುಖ ಅದು ಎಂದು ನನಗನ್ನಿಸಿತು. ಅನ್ನಿಸಿದ್ದಕ್ಕೆ ಸಾಕ್ಷಿ ಇಲ್ಲ.

ಮಿಸ್ತ್ರಿ ಕೊನೆಗೆ ಕೊರೆದ ಚಕ್ರ ಇನ್ನೂ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಕೆಳಗಿಳಿಸಿ, ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿ, ಕನ್ನಡಕ ಒರೆಸಿಕೊಂಡು ಎಣಿಸಿದೆ. ಮೂರು ಸಲ ಎಣಿಸಿದೆ. ನೂರ ಇಪ್ಪತ್ತೇಳು.