ಪೂವಪ್ಪನ ಕಿವಿ ಮತ್ತು ಸಾಹುಕಾರರ ಜೀಪು

ಪೂವಪ್ಪನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಇದನ್ನು ಹೊಗಳಿಕೆ ಅಂತ ಯಾರೂ ತಿಳಿಯಬೇಡಿ. ಅವನ ಹೆಂಡತಿ ಅಕ್ಕುವನ್ನು ಕೇಳಿದರೆ ಅದು ಮದ್ದಿಲ್ಲದ ಕಾಯಿಲೆ. ‘ಇವತ್ತು ಸಾರು ಹೇಗುಂಟು?’ ಅಂತ ಅವಳು ಆಸೆಯಿಂದ ಕೇಳಿದರೆ, ‘ಹುಳಿ ಜಾಸ್ತಿ’ ಅಂತ ಹೇಳಿ, ಆ ತಪ್ಪಿಗೆ ಎರಡು ದಿನ ಗಂಜಿ ಮಾತ್ರ ಕುಡಿಯುವ ನಮೂನೆಯ ಮನುಷ್ಯ.

ಹುಟ್ಟಿದ್ದು ಬೋಳಾರದ ಮೊಗವೀರರ ಮನೆಯಲ್ಲಿ. ಮೀಸೆ ಮೂಡುವ ಮೊದಲೇ ಕಡಲಿಗೆ ಇಳಿದ. ದೋಣಿಯಲ್ಲಿ ಅವನಿಗೆ ವಹಿಸಿದ್ದು ಕಿವಿಯ ಕೆಲಸ. ಹುಟ್ಟಿನ ಅಗಲದ ತುದಿಯನ್ನು ನೀರಿಗೆ ಇಳಿಸಿ, ಹಿಡಿಗೆ ಕಿವಿ ಒತ್ತಿ ಕೂತರೆ, ಕೆಳಗೆ ಮೀನಿನ ಹಿಂಡು ಉಂಟೋ ಇಲ್ಲವೋ, ಇದ್ದರೆ ಎಷ್ಟು ದೊಡ್ಡದು ಅಂತ ಹೇಳಿಬಿಡುತ್ತಿದ್ದ. ಅಷ್ಟರಲ್ಲಿ ಯುದ್ಧ ಬಂತು. ಪಟ್ಟಾಳಕ್ಕೆ ಜನ ಬೇಕು ಅಂತ ಸುದ್ದಿಯಾದ ದಿನ ಅಕ್ಕುವಿನ ಜೊತೆ ಜಗಳ ಆಗಿತ್ತು. ಸಾರಿನ ವಿಷಯವೇ ಇರಬೇಕು. ಸಿಟ್ಟಿನಲ್ಲಿ ಹೋಗಿ ಹೆಸರು ಬರೆಸಿಬಿಟ್ಟ. ಅವರು ಇವನಿಗೆ ಕೋವಿ ಕೊಡಲಿಲ್ಲ, ಸ್ಪ್ಯಾನರು ಕೊಟ್ಟು ಪುಣೆಯ ವರ್ಕ್‌ಶಾಪಿಗೆ ಕಳಿಸಿದರು. ನಾಲ್ಕು ವರ್ಷ ಲಾರಿ, ಜೀಪುಗಳ ಅಡಿಯಲ್ಲಿ ಮಲಗಿದ್ದು ಎದ್ದು ಬಂದವನು ಕೊಡಿಯಾಲ್‌ಬೈಲಿನಲ್ಲಿ ಒಂದು ತೆಂಗಿನ ಮಡಲಿನ ಶೆಡ್ಡು ಹಾಕಿದ.

ಶೆಡ್ಡಿನಲ್ಲಿ ಜಾಕಿ ಇತ್ತು, ಸುತ್ತಿಗೆ ಇತ್ತು, ಜೊತೆಗೆ ಒಂದು ಮುರಿದ ಹುಟ್ಟೂ ಇತ್ತು. ಯಾವ ಗಾಡಿ ಬಂದರೂ ಹುಟ್ಟಿನ ಒಂದು ತುದಿಯನ್ನು ಗಾಡಿಯ ಕಬ್ಬಿಣಕ್ಕೆ ತಾಗಿಸಿ ಇನ್ನೊಂದು ತುದಿಗೆ ಕಿವಿ ಕೊಟ್ಟು ಕಣ್ಣು ಮುಚ್ಚುತ್ತಿದ್ದ. ‘ಎಂತ ಪೂವಪ್ಪಣ್ಣ, ಒಳಗೆ ಬಂಗುಡೆ ಮೀನು ಉಂಟಾ?’ ಅಂತ ಹೋಗಿಬರುವವರೆಲ್ಲ ತಮಾಷೆ ಮಾಡಿದ್ದೇ ಮಾಡಿದ್ದು. ‘ಇಲ್ಲ, ಬೇರಿಂಗು ಹೋಗಿದೆ’ ಅಂತ ಇವನು ಗಂಭೀರವಾಗಿ ಉತ್ತರ ಕೊಡುತ್ತಿದ್ದ. ಬಿಚ್ಚಿ ನೋಡಿದರೆ ಬೇರಿಂಗು ಹೋಗಿಯೇ ಇರುತ್ತಿತ್ತು.

ನಲವತ್ತೇಳರ ಜನವರಿಯ ಒಂದು ಬೆಳಿಗ್ಗೆ ಬಂದರಿನ ಮರದ ವ್ಯಾಪಾರಿ ಕಬೀರ್ ಸಾಹುಕಾರರ ಜೀಪು ಶೆಡ್ಡಿಗೆ ಬಂತು. ಪಟ್ಟಾಳದವರು ಯುದ್ಧ ಮುಗಿದ ಮೇಲೆ ಮಾರಿದ ಜೀಪು. ಘಾಟಿಯಿಂದ ಮರ ಇಳಿಸುವ ಕೆಲಸಕ್ಕೆ ಅಂತ ಸಾಹುಕಾರರು ತಂದಿದ್ದರು. ಓಡಿಸುವವನು ಮೋನು. ನಲವತ್ತು ದಾಟಿದ, ಐದು ಮಕ್ಕಳ, ಇರುವೆಗೂ ಹಾರನ್ ಹೊಡೆಯುವ ಸಾಧು ಡ್ರೈವರ್. ಜೀಪಿನ ಮುಂದಿನ ಬಂಪರು ಮಡಚಿ ಹೋಗಿತ್ತು. ಮೋನುವಿನ ಮುಖ ಅದಕ್ಕಿಂತ ಹೆಚ್ಚು ಮಡಚಿತ್ತು.

“ಎಂತ ಆಯ್ತು ಮಾರಾಯ?”

“ಕಂಬಕ್ಕೆ ಗುದ್ದಿತು ಪೂವಪ್ಪಣ್ಣ. ಸಾಹುಕಾರರ ಮನೆಯ ಹುಂಜ ಅಡ್ಡ ಬಂತು. ಅದನ್ನು ಉಳಿಸ್ಲಿಕ್ಕೆ ಹೋಗಿ ಅವರದೇ ಗೇಟಿನ ಕಂಬಕ್ಕೆ ಕೊಟ್ಟೆ.”

“ಹುಂಜ?”

“ಅದಕ್ಕೆ ಎಂತದೂ ಆಗ್ಲಿಲ್ಲ. ಕಂಬದ ಮೇಲೆ ಹತ್ತಿ ಕೂಗಿತು, ದರಿದ್ರದ್ದು! ಅದರ ಕೂಗಿಗೇ ಸಾಹುಕಾರರು ಹೊರಗೆ ಬಂದದ್ದು.”

ಸಾಹುಕಾರರು ಅಲ್ಲೇ ನಿಂತು ತೀರ್ಪು ಕೊಟ್ಟಿದ್ದರು. ಬಂಪರು ಹೋದರೆ ಹೋಗಲಿ. ಆದರೆ ಒಳಗೆ ಒಂದು ಸಾಮಾನು ಮುರಿದಿದ್ದರೂ ಮೋನು ನಾಳೆಯಿಂದ ಕೆಲಸಕ್ಕೆ ಬರುವುದು ಬೇಡ. ಮುರಿಯದಿದ್ದರೆ ನಾಳೆ ಬೆಳಿಗ್ಗೆ ಚಾರ್ಮಾಡಿ ಘಾಟಿಗೆ ಹೊರಡಬೇಕು. ಮೋನು ಪೂವಪ್ಪನ ಕೈ ಹಿಡಿದುಕೊಂಡ.

“ಅಣ್ಣ, ನಿಮ್ಮ ಕಾಲಿಗೆ ಬೀಳ್ತೇನೆ. ಎಂತ ಇದ್ದರೂ ‘ಎಂತ ಇಲ್ಲ’ ಅಂತ ಒಂದು ಮಾತು ಹೇಳಿ. ಇಲ್ಲಿವರೆಗೆ ಚಂದ ಓಡಿ ಬಂತಲ್ಲ!”

“ಊರಿನ ರಸ್ತೆಯಲ್ಲಿ ಹಿಂದಿನ ಚಕ್ರ ಮಾತ್ರ ಎಳೆಯುವುದು ಮಾರಾಯ. ಘಾಟಿಯಲ್ಲಿ ಮುಂದಿನ ಚಕ್ರಕ್ಕೂ ಲಿವರ್ ಹಾಕ್ತಿಯಲ್ಲ, ಅವನ್ನು ತಿರುಗಿಸುವ ಮುಂದಿನ ಶಾಫ್ಟಿಗೆ ಭಾರ ಬೀಳುವುದು ಆಗ. ಅದರ ಬಣ್ಣ ಗೊತ್ತಾಗುವುದೂ ಆಗಲೇ. ಪಾಪ, ಹೇಳ್ಬಹುದಿತ್ತು. ಆದರೆ ಎಂತ ಇಲ್ಲ ಅಂತ ಹೇಳ್ಬೇಕಾದರೆ ಎಂತದೂ ಇರಬಾರದು.”

ಇಂಥವನ ಹತ್ತಿರ ಯಾರಾದರೂ ಬೇಡುತ್ತಾರೆಯೇ! ಆದರೆ ಮೋನುವಿಗೆ ಬೇರೆ ಗತಿ ಇರಲಿಲ್ಲ. ಅವನು ಮೂಲೆಯಲ್ಲಿ ಹಳೆಯ ಟಯರಿನ ಮೇಲೆ ಕುಕ್ಕರಿಸಿ, ಐದು ಮಕ್ಕಳ ಹೆಸರನ್ನೂ ಒಂದೊಂದಾಗಿ ಹೇಳುತ್ತ ದೇವರಿಗೆ ಮೊರೆಯಿಟ್ಟ.

ಪೂವಪ್ಪ ಮೊದಲು ನೂಲು ಹಿಡಿದು ಎರಡೂ ಬದಿಯಲ್ಲಿ ಹಿಂದಿನ ಚಕ್ರದಿಂದ ಮುಂದಿನ ಚಕ್ರಕ್ಕೆ ಅಳೆದ. ಸಮ ಇತ್ತು, ಅಂದರೆ ಗುದ್ದಿದ ಹೊಡೆತಕ್ಕೆ ಮುಂದಿನ ಆಕ್ಸಲ್ ಹಿಂದೆ ಸರಿದಿಲ್ಲ. ಚಕ್ರದ ಒಳಮೈ ಒರೆಸಿ ನೋಡಿದ, ಎಣ್ಣೆ ಸೋರಿರಲಿಲ್ಲ. ಒಂದೊಂದು ಸಲ ‘ಸರಿ ಉಂಟು’ ಅಂದಾಗಲೂ ಮೋನುವಿನ ಬೆನ್ನು ಒಂದಿಷ್ಟು ನೆಟ್ಟಗಾಗುತ್ತಿತ್ತು. ಆಮೇಲೆ ಪೂವಪ್ಪ ಜಾಕಿ ಕೊಟ್ಟು ಜೀಪಿನ ಮೂತಿ ಎತ್ತಿಸಿ, ಮುಂದಿನ ಚಕ್ರದ ಲಿವರ್ ಹಾಕಿ, ಮೋನುವಿನ ಹತ್ತಿರ ಚಕ್ರವನ್ನು ಕೈಯಲ್ಲಿ ಹಿಂದೆ ಮುಂದೆ ಆಡಿಸಲು ಹೇಳಿ, ಹುಟ್ಟು ಹಿಡಿದು ಅಡಿಗೆ ನುಸುಳಿದ. ಅದೇ ಹೊತ್ತಿಗೆ ಸಾಹುಕಾರರು ಕೊಡೆ ಹಿಡಿದುಕೊಂಡು ಬಂದರು.

“ಎಂತ ಪೂವಪ್ಪ, ಏನು ಹೇಳ್ತದೆ?”

“ಮಾತಾಡ್ಬೇಡಿ ಸಾಹುಕಾರೇ, ಕೇಳಿಸುವುದಿಲ್ಲ.”

ಬಂದರಿನಲ್ಲಿ ಯಾರಾದರೂ ಹೀಗೆ ಹೇಳಿದ್ದರೆ ಸಾಹುಕಾರರು ಸುಮ್ಮನೆ ಬಿಡುತ್ತಿರಲಿಲ್ಲ. ಇಲ್ಲಿ ಬಾಯಿ ಮುಚ್ಚಿ ನಿಂತರು. ಶಾಫ್ಟಿನ ನಡುವಿನಲ್ಲಿ ಸದ್ದಿಲ್ಲ. ಹಿಂದಿನ ತುದಿಯಲ್ಲಿಯೂ ಇಲ್ಲ. ಮುಂದಿನ ತುದಿಗೆ, ಅದು ಆಕ್ಸಲಿಗೆ ಸೇರುವ ಜಾಯಿಂಟಿಗೆ, ಹುಟ್ಟು ತಾಗಿಸಿದಾಗ ಒಂದು ಸಣ್ಣ ‘ಟಿಕ್’ ಕೇಳಿತು. ಇನ್ನೊಂದು ಸಲ ಆಡಿಸಿದರೆ ಇನ್ನೊಂದು ‘ಟಿಕ್’. ಪೂವಪ್ಪ ಉಸಿರು ಬಿಟ್ಟ. ಈ ಸಲ ಅವನಿಗೆ ತನ್ನ ಕಿವಿಯ ಮೇಲೆಯೇ ಸಿಟ್ಟು ಬಂತು.

“ಉಂಟು,” ಅಂದ. ಮೋನು ಚಕ್ರ ಬಿಟ್ಟು ಮತ್ತೆ ಟಯರಿನ ಮೇಲೆ ಹೋಗಿ ಕೂತ.

ಬೋಲ್ಟು ಕಳಚಿ ಶಾಫ್ಟನ್ನು ಕೆಳಗಿಳಿಸಿದಾಗ ಜಾಯಿಂಟಿನ ಸುತ್ತ ಗ್ರೀಸು ಮೆತ್ತಿದ ಒಂದು ಮುದ್ದೆ ಇತ್ತು. ಸೀಮೆಎಣ್ಣೆಯಲ್ಲಿ ತೊಳೆದ. ಮುದ್ದೆ ಬಿಚ್ಚಿಕೊಂಡಿತು. ನೋಡಿದರೆ ಬಲೆಯ ನೂಲು! ನಾಲ್ಕಾರು ಸುತ್ತು ಬಿಗಿದು ಕೂತಿದೆ, ನಡುನಡುವೆ ಗಂಟು, ಗಂಟಿನೊಳಗೆ ಕಡಲ ಮರಳು, ಹೊಯ್ಗೆ. ಪೂವಪ್ಪ ಒಂದು ಗಂಟನ್ನು ಬೆಳಕಿಗೆ ಹಿಡಿದು ತಿರುಗಿಸಿದ. ಅವನ ಮುಖ ಅರಳಿತು.

“ಇದು ನಮ್ಮ ದೇವದಾಸನ ಗಂಟು!”

“ಯಾವ ದೇವದಾಸ?” ಸಾಹುಕಾರರು ಕೇಳಿದರು.

“ಅಕ್ಕುವಿನ ತಮ್ಮ, ಪಣಂಬೂರಿನಲ್ಲಿ ಇರುವುದು. ಎಡಚ. ಬಲೆ ಹೆಣೆದರೆ ಅವನ ಗಂಟು ಉಲ್ಟಾ ಬೀಳ್ತದೆ. ಆಚೆ ತಿಂಗಳು ಬಂದು ಎಷ್ಟು ಬೈದ ಗೊತ್ತುಂಟಾ? ಕಡಲ ಬದಿಯಲ್ಲಿ ಬಲೆ ಒಣಗ್ಲಿಕ್ಕೆ ಹಾಕಿದ್ದರಂತೆ. ಯಾವುದೋ ಗಾಡಿ ಬಂದು ಅದರ ಮೇಲೆ ಹತ್ತಿ, ಹೊಯ್ಗೆಯಲ್ಲಿ ಹೂತು, ಬೊಬ್ಬೆ ಹೊಡೆದು, ಬಲೆ ಹರಿದುಕೊಂಡು ಓಡಿತಂತೆ. ಹೆಂಗಸರು ಓಡಿ ಬರುವಷ್ಟರಲ್ಲಿ ಗಾಡಿ ಮಾಯ. ಮೋನು, ನೀನಾ?”

“ಅಲ್ಲಾ! ಆಚೆ ತಿಂಗಳು ತಂಗಿಯ ಮದುವೆಗೆ ಅಂತ ನಾನು ಊರಿನಲ್ಲೇ ಇರ್ಲಿಲ್ಲ. ಪಣಂಬೂರಿಗೆ ನಾನು ಹೋದದ್ದೇ ಇಲ್ಲ.”

ಸಾಹುಕಾರರು ಕೊಡೆಯನ್ನು ಎಡಗೈಯಿಂದ ಬಲಗೈಗೆ, ಬಲಗೈಯಿಂದ ಎಡಗೈಗೆ ಬದಲಾಯಿಸಿದರು. ಆಮೇಲೆ ಇದ್ದಕ್ಕಿದ್ದಂತೆ ಅವರಿಗೆ ಬಾಯಾರಿಕೆ ಆಯಿತು. “ಮೋನು, ಹೋಗಿ ಚಾ ತಾ,” ಅಂತ ಅವನನ್ನು ಓಡಿಸಿದರು. ಅವನು ಮರೆಯಾದ ಕೂಡಲೇ ಸ್ವರ ತಗ್ಗಿಸಿದರು.

“ಪೂವಪ್ಪ, ಕಂಬಕ್ಕೆ ಗುದ್ದಿ ಮುರಿಯಿತು ಅಂತ ಹೇಳಿಬಿಡು.”

ಪೂವಪ್ಪ ಜಾಯಿಂಟನ್ನು ಅವರ ಮುಂದೆ ಹಿಡಿದ. ಅದರ ಒಂದು ಕವಲಿನ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಇತ್ತು. “ನೋಡಿ, ಬಿರುಕಿನ ಒಳಗೆ ಎಷ್ಟು ಕಪ್ಪು. ಕಬ್ಬಿಣ ಇವತ್ತು ಮುರಿದದ್ದಾದರೆ ಬೆಳ್ಳಗೆ ಹೊಳೀತದೆ. ಇದಕ್ಕೆ ತುಕ್ಕು ಹಿಡಿದು ತಿಂಗಳಾಯ್ತು. ಹೇಗೆ ಸಾಹುಕಾರೇ ನಾನು ಹೇಳುವುದು?”

“ಹೇಗೋ ಒಂದು ಹೇಳು ಮಾರಾಯ! ನಾನು ಜೀಪಿನ ಸ್ಟಿಯರಿಂಗ್ ಮುಟ್ಟುವುದಿಲ್ಲ ಅಂತ ಹೆಂಡತಿ ರುಖಿಯಾಳಿಗೆ ಮಾತು ಕೊಟ್ಟಿದ್ದೇನೆ. ಒಂದೇ ಒಂದು ದಿನ ಆಸೆಯಾಯ್ತು. ಕೂಳೂರಿನಲ್ಲಿ ಜೋಡುದೋಣಿಯ ಜಂಗಲ್ ಹತ್ತಿಸಿ ಹೊಳೆ ದಾಟಿಸಿದೆ. ಪಣಂಬೂರಿನ ಹೊಯ್ಗೆಯಲ್ಲಿ ಹೂತಾಗ ಒಂದು ‘ಟಪ್’ ಅಂತ ಕೇಳಿತು. ಆದರೆ ಮತ್ತೆ ಓಡಿತಲ್ಲ, ಹಾಗೆ ಸುಮ್ಮನಾದೆ. ಅವಳಿಗೆ ಗೊತ್ತಾದರೆ ನನ್ನ ಮರ್ಯಾದೆ ಉಳೀತದಾ?”

“ಮೋನುವಿನ ಕೆಲಸ?”

ಸಾಹುಕಾರರು ಕೊಡೆಯ ತುದಿಯಿಂದ ನೆಲ ಕೆದಕಿದರು. ಪೂವಪ್ಪ ಜಾಯಿಂಟನ್ನು ಅವರ ಅಂಗೈಯಲ್ಲೇ ಇಟ್ಟು, ಸಣ್ಣ ಸುತ್ತಿಗೆ ತೆಗೆದುಕೊಂಡು, ಮಗುವಿನ ತಲೆ ತಟ್ಟುವಷ್ಟು ಮೆಲ್ಲಗೆ ಒಂದು ತಟ್ಟಿದ. ಕವಲು ಕಳಚಿ ಎರಡು ತುಂಡಾಗಿ ಅಂಗೈಯಲ್ಲಿ ಬಿತ್ತು.

“ನಾಳೆ ಘಾಟಿಯಲ್ಲಿ ಮರ ಎಳೆಯುವಾಗ ಇದು ಹೀಗೆ ಬೀಳ್ತಿತ್ತು,” ಪೂವಪ್ಪ ಹೇಳಿದ. “ಮುಂದಿನ ತುದಿ ಕಳಚಿದ ಶಾಫ್ಟು ನೆಲಕ್ಕೆ ನಾಟ್ತದೆ. ಗಾಡಿ ಅದರ ಮೇಲೆ ಎದ್ದು ಮಗುಚ್ತದೆ. ಒಂದು ಬದಿ ಗುಡ್ಡೆ, ಇನ್ನೊಂದು ಬದಿ ಕಣಿವೆ. ಯಾವ ಬದಿಗೆ ಅಂತ ನನಗೆ ಗೊತ್ತಿಲ್ಲ.”

ಸಾಹುಕಾರರು ಆ ತುಂಡುಗಳನ್ನು ಬದಿಯ ಹಲಗೆಯ ಮೇಲಿಟ್ಟರು. ತಾವೂ ಅಲ್ಲೇ ಕೂತರು. ಅಷ್ಟರಲ್ಲಿ ಮೋನು ಮೂರು ಗ್ಲಾಸು ಚಾ ಹಿಡಿದು, ಒಂದು ತೊಟ್ಟೂ ಚೆಲ್ಲದಂತೆ ನಡೆದು ಬಂದ. ಕೆಲಸ ಹೋಗುವ ದಿನವೂ ಚಾ ಚೆಲ್ಲಬಾರದು ಅನ್ನುವ ಜನ ಅದು.

“ಮೋನು,” ಸಾಹುಕಾರರು ಅಂದರು, “ಶಾಫ್ಟು ಕಂಬಕ್ಕೆ ಗುದ್ದಿ ಹೋದದ್ದಲ್ಲ. ಪಣಂಬೂರಿನಲ್ಲಿ ನಾನು ಮುರಿದದ್ದು. ಸದ್ದು ಕೇಳಿತ್ತು ನನಗೆ. ನಾಚಿಕೆಯಾಗಿ ಹೇಳ್ಲಿಲ್ಲ.”

ಮೋನು ಹಲಗೆಯ ಮೇಲಿದ್ದ ತುಂಡುಗಳನ್ನು ನೋಡಿದ. ಶಾಫ್ಟನ್ನು ನೋಡಿದ. ಡ್ರೈವರನಲ್ಲವೇ, ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಚಾ ಕೆಳಗಿಟ್ಟ. ಅವನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಕಣ್ಣು ಮಾತ್ರ ತುಂಬಿತು.

“ನಾನು ಊರಿಗೆ ವಾಪಸ್ ಬಂದ ದಿನವೇ ನನ್ನ ಹತ್ತಿರ ಒಂದು ಮಾತು ಹೇಳ್ಬಾರದಿತ್ತಾ ಸಾಹುಕಾರೇ? ಮುರಿದದ್ದು ನಾನೇ ಅಂತ ರುಖಿಯಾತ್ತನ ಹತ್ತಿರ ಒಪ್ಪಿಕೊಳ್ತಿದ್ದೆ. ಗಾಡಿ ಮಾತ್ರ ಆಗಲೇ ಬಿಚ್ಚಿಸಿ ರಿಪೇರಿ ಮಾಡಿಸ್ತಿದ್ದೆ.”

ಪೂವಪ್ಪ ಮುಖ ಆಚೆ ತಿರುಗಿಸಿ, ಒರೆಸಿದ ಸ್ಪ್ಯಾನರನ್ನೇ ಮತ್ತೆ ಒರೆಸಿದ. ಸಾಹುಕಾರರು ಒಂದು ಗ್ಲಾಸು ಎತ್ತಿ ತಾವೇ ಮೋನುವಿನ ಕೈಗೆ ಕೊಟ್ಟರು.

“ಮನೆಗೆ ಹೋಗಿ ಅವಳ ಹತ್ತಿರ ನಾನೇ ಹೇಳ್ತೇನೆ,” ಅಂತ ಎದ್ದು ನಾಲ್ಕು ಹೆಜ್ಜೆ ಹಾಕಿದವರು ಅಲ್ಲೇ ನಿಂತರು. “ಮೋನು, ನೀನೂ ಬಾ ಮಾರಾಯ.”

“ನಾನು ಯಾಕೆ ಸಾಹುಕಾರೇ?”

“ಒಬ್ಬನೇ ಹೋಗ್ಲಿಕ್ಕೆ ಧೈರ್ಯ ಇಲ್ಲ.”

ಜೀಪು ಬಿಚ್ಚಿ ಬಿದ್ದಿತ್ತಲ್ಲ, ಇಬ್ಬರೂ ಬಂದರಿನವರೆಗೆ ನಡೆದೇ ಹೋದರು. ಕೊಡೆ ಮೋನು ಹಿಡಿಯಲು ಹೋದ, ಸಾಹುಕಾರರು ಬಿಡಲಿಲ್ಲ. ಇಬ್ಬರ ತಲೆಗೂ ನೆರಳಾಗುವ ಹಾಗೆ ತಾವೇ ಹಿಡಿದುಕೊಂಡರು.