ಬೆಳಕಿಗೆ ಹಿಡಿದ ಬಾಟಲಿ

ಕುಮಟಾದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರು ನಿವೃತ್ತರಾಗುವವರೆಗೆ ಯಾವುದೋ ಪ್ರಯೋಗಾಲಯದಲ್ಲಿ ಇಲಿಗಳ ಮೂತ್ರ ಅಳೆಯುತ್ತಿದ್ದರು. ಶರಬತ್ತು ಕೆಡದಂತೆ ಹಾಕುವ ಪುಡಿಯನ್ನು ಇಲಿಗೆ ತಿನ್ನಿಸಿ, ಮೈಯಿಂದ ಎಷ್ಟು ಹೊರಬಿತ್ತೆಂದು ನೋಡುವುದು ಅವರ ಕೆಲಸ. ಆ ಅಭ್ಯಾಸಕ್ಕೆ, ನಾವು ಕೊಟ್ಟ ಗಾಜಿನ ಲೋಟವನ್ನೂ ಬೆಳಕಿಗೆ ಹಿಡಿದು ನೋಡಿಯೇ ಕುಡಿಯುತ್ತಿದ್ದರು. ಕಳೆದ ಕೊಡೆಗೂ ಹೋದ ಕರೆಂಟಿಗೂ ಅವರದೊಂದೇ ಮಾತು: “ಹೋದದ್ದೆಲ್ಲ ಬರ್ತದೆ.”

ಅಮ್ಮ ಮುರುಗಲು ಹಣ್ಣಿನ ಕೆಂಪು ಶರಬತ್ತು ಮಾರಲು ಹೊರಟಾಗ ಅದೇ ಪುಡಿಯನ್ನು ಚಿಟಿಕೆ ಹಾಕಿದ್ದಳು. ಕೆಮಿಕಲ್ ಎಂದು ಕೇರಿಯವರು ಹಿಂಜರಿದರು. ಧೈರ್ಯ ಹೇಳಲಿ ಎಂದು ಇವರನ್ನೇ ಕರೆಸಿದಳು. ಹೆಂಗಸರು ಲೋಟ ತುಟಿಗಿಟ್ಟ ಹೊತ್ತಿಗೆ ಇವರು ಶುರುಮಾಡಿದರು: “ಹೆದರೂದು ಎಂತಕ್ಕೆ? ಲಿವರಿನಲ್ಲಿ ರೂಪ ಬದಲಾಗಿ, ಮರುದಿನದೊಳಗೆ ಮೂತ್ರದಲ್ಲಿ ಬರ್ತದೆ. ನಾನೇ ಹಿಡಿದಿಟ್ಟು ನೋಡಿದ್ದೇನೆ.”

ಲೋಟಗಳೆಲ್ಲ ಕೆಳಗಿಳಿದವು. ಸಕ್ಕರೆ ಕಾಯಿಲೆಯಿದ್ದರೂ ಇವರೊಬ್ಬರೇ ಎರಡು ಲೋಟ ಕುಡಿದರು. ಅಮ್ಮ ಸಿಟ್ಟು ನುಂಗಿಕೊಂಡು ಒಂದು ಬಾಟಲಿ ಕೊಟ್ಟು ಕಳಿಸಿದಳು.

ನಮ್ಮ ಕಡೆ ಯಾರ ಪಾತ್ರೆಯನ್ನೂ ಖಾಲಿ ಹಿಂದಿರುಗಿಸುವುದಿಲ್ಲ. ವಾರ ಕಳೆದು ಅವರು ಅದೇ ಬಾಟಲಿ ತಂದರು. ಹಳದಿಯಾಗಿ ತುಂಬಿತ್ತು. “ಹೋದದ್ದೆಲ್ಲ ಬರ್ತದೆ,” ಎಂದು ಅಮ್ಮನ ಕೈಗಿತ್ತರು. “ಯಾಣದ ಬದಿ ಜೇನು.”

ಅಮ್ಮ ಅದನ್ನು ಬಹಳ ಹೊತ್ತು ಬೆಳಕಿಗೆ ಹಿಡಿದು ನೋಡಿದಳು. ಮುಚ್ಚಳ ಮಾತ್ರ ತೆಗೆಯಲಿಲ್ಲ.

ಅವರು ಹೊನ್ನಾವರಕ್ಕೆ ಮನೆ ಬದಲಿಸಿ ವರ್ಷವಾಯಿತು. ಮೊನ್ನೆ ನೋಡಿದರೆ, ಇನ್ನೂ ಹಾಗೇ ಇಟ್ಟಿದ್ದ ಆ ಬಾಟಲಿಗೆ ಇರುವೆ ಮುತ್ತಿದ್ದವು. “ನೋಡು, ಜೇನೇ ಅದು,” ಎಂದೆ.

“ಇರುವೆಗೆ ಎಂತ ಗೊತ್ತು?” ಎಂದಳು ಅಮ್ಮ. “ಅವರಿಗೆ ಸಕ್ಕರೆ ಕಾಯಿಲೆ ಇತ್ತಲ್ಲ.”