ಭಾಗೀರಥಿಯ ಹೆಸರಿನ ಪರವಾನಗಿ

ಮುಂಬಯಿಯಲ್ಲಿ ಯಾವ ಅರ್ಜಿಯನ್ನು ಕೈಗೆತ್ತಿಕೊಂಡರೂ ಹೆಸರಿಗೆಂದು ಮೂರು ಮನೆಗಳಿರುತ್ತವೆ. ಮೊದಲನೆಯದು ನಿಮ್ಮದು, ನಡುವಿನದು ನಿಮ್ಮ ತಂದೆಯದು, ಕೊನೆಯದು ನಿಮ್ಮ ಕುಲದ್ದು. ಹಳೇ ಮೈಸೂರಿನ ಕಡೆಯಿಂದ ಬಂದ ನನ್ನಂಥವರಿಗೆ ಈ ಮೂರನೆಯ ಮನೆ ಸದಾ ಖಾಲಿ. ನಮ್ಮಲ್ಲಿ ಊರೂ ಅಪ್ಪನೂ ಒಂದೊಂದಕ್ಷರವಾಗಿ ಸಂಕ್ಷೇಪಗೊಂಡು ಮುಂದೆ ನಡೆಯುತ್ತಾರೆ, ಹಿಂದಿನಿಂದ ಹೆಸರು ಒಂಟಿಯಾಗಿ ಬರುತ್ತದೆ, ಅಲ್ಲಿಗೆ ಮೆರವಣಿಗೆ ಮುಗಿಯಿತು. ನಾನು ಈ ನಗರಕ್ಕೆ ಬಂದ ಹೊಸತರಲ್ಲಿ ರೇಷನ್ ಆಫೀಸಿನ ಗುಮಾಸ್ತರು "ಆಡನಾವ್ ಕಾಯ್?" ಎಂದು ಕುಲನಾಮ ಕೇಳಿದಾಗ ನಾನು ಗಾಬರಿಯಲ್ಲಿ ಊರಿನ ಹೆಸರು ಹೇಳಿಬಿಟ್ಟೆ. ಅಂದಿನಿಂದ ರಂಗನಾಥನೆಂಬ ನಾನು ಮುಲುಂಡಿನ ನಮ್ಮ ಸೊಸೈಟಿಯಲ್ಲಿ, ಗ್ಯಾಸಿನವನ ಬಾಯಲ್ಲಿ, ಪೋಸ್ಟ್‌ಮ್ಯಾನಿನ ಚೀಲದಲ್ಲಿ 'ಹುಣಸೂರ್ ಸಾಹೇಬ'. ಇಡೀ ತಾಲ್ಲೂಕನ್ನು ಹೆಗಲ ಮೇಲೆ ಹೊತ್ತುಕೊಂಡು ಸೆಂಟ್ರಲ್ ಲೈನಿನ ಲೋಕಲ್ ಹತ್ತುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ.

ಹೆಸರಿನ ವಿಷಯದಲ್ಲಿ ಇಷ್ಟು ದುರ್ಬಲನಾದ ನನ್ನ ಕೈಗೇ ಇನ್ನೊಬ್ಬರ ಹೆಸರು ಬರೆಯುವ ಜವಾಬ್ದಾರಿ ಬಂದದ್ದು ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ಆಗ ನಾನು ಸಾಂತಾಕ್ರೂಜ್ ಸ್ಟೇಷನ್ನಿನ ಸಮೀಪ, ಉಡುಪಿ ಹೋಟೆಲ್ಲೊಂದರ ನೆತ್ತಿಯ ಮೇಲಿದ್ದ ಎರಡು ಕೋಣೆಗಳ ಕಂಪನಿಯಲ್ಲಿ ಪ್ರೋಗ್ರಾಮರ್ ಆಗಿದ್ದೆ. ಕಂಪನಿಯೆಂದರೆ ನಮ್ಮ ಸೇಠ್, ನಾನು, ಭಾಗೀರಥಿ, ಎರಡು ಕಂಪ್ಯೂಟರು ಮತ್ತು ಕೆಳಗಿನಿಂದ ತೇಲಿಬರುತ್ತಿದ್ದ ಸಾಂಬಾರಿನ ಪರಿಮಳ. ಭಾಗೀರಥಿ ಕುರ್ಲಾದ ಚಾಳಿನಲ್ಲಿ ಹುಟ್ಟಿ ಬೆಳೆದ, ಆದರೆ ವಿಜಾಪುರದ ಮಾತನ್ನು ಒಂದಿಷ್ಟೂ ಮುಕ್ಕಾಗದಂತೆ ಉಳಿಸಿಕೊಂಡಿದ್ದ ಹುಡುಗಿ. ಇಪ್ಪತ್ಮೂರು ವರ್ಷ, ಎರಡು ಜಡೆ ಬಿಟ್ಟು ಒಂದು ಜಡೆಗೆ ಬಂದು ಬಹಳ ದಿನವಾಗಿರಲಿಲ್ಲ. ಹುದ್ದೆಯಲ್ಲಿ ನಾನು ಅವಳಿಗೆ ಹಿರಿಯ. ವಿದ್ಯೆಯಲ್ಲಿ ಯಾರು ಹಿರಿಯರೆಂಬುದನ್ನು ನಾವಿಬ್ಬರೂ ಸಭ್ಯತೆಯಿಂದ ಚರ್ಚಿಸದೆ ಬಿಟ್ಟಿದ್ದೆವು.

ಕುರ್ಲಾದಲ್ಲಿ ಸೀರೆಗಳಿಗೆ ಬಣ್ಣದಚ್ಚು ಹಾಕುವ ಕಾರ್ಖಾನೆಯೊಂದಿತ್ತು. ಹಳೆಯ ಸೀರೆಗಳ ದಡಿಯನ್ನು ಸ್ಕ್ಯಾನರಿನಿಂದ ಕಂಪ್ಯೂಟರಿಗೆ ಇಳಿಸಿ, ಕಲೆ ಕೊಳೆಗಳನ್ನು ಅಳಿಸಿ, ವಿನ್ಯಾಸವನ್ನು ಮತ್ತೆ ಹೊಸದಾಗಿ ಪಡೆಯುವ ಪ್ರೋಗ್ರಾಮ್ ಬೇಕೆಂದು ಆ ಕಾರ್ಖಾನೆಯವರು ಕೇಳಿದ್ದರು. ಇಂಥದನ್ನು ಬುಡದಿಂದ ಬರೆಯಲು ಕೂತರೆ ನಮ್ಮ ಆಯುಷ್ಯ ಸಾಲದು. ಆದುದರಿಂದ ಚಿತ್ರ ಸಂಸ್ಕರಣದ ಸಿದ್ಧ ತುಣುಕುಗಳನ್ನೆಲ್ಲ ಒಂದೆಡೆ ಕೂಡಿಸಿಟ್ಟ ಟೂಲ್‌ಕಿಟ್ ಒಂದನ್ನು ಕೊಳ್ಳುವುದೆಂದಾಯಿತು. ಟೂಲ್‌ಕಿಟ್ ಎಂದರೆ, ವಾಚಕ ಮಹಾಶಯ, ಪೊಟ್ಟಣದ ಸಾರಿನಪುಡಿ ಎಂದುಕೊಳ್ಳಿ. ಸಾರು ನಿಮ್ಮದೇ, ಪುಡಿ ಮಾತ್ರ ಇನ್ನೊಬ್ಬರದು.

ಅಮೆರಿಕದಿಂದ ಮೂರು ಪುಡಿಗಳ ಮಾದರಿ ಫ್ಲಾಪಿಗಳಲ್ಲಿ ಬಂದವು. ಮೊದಲನೆಯದು ಸರ್ವಗುಣಸಂಪನ್ನ, ಆದರೆ ಕೊಂಡರೆ ಅಡುಗೆಮನೆಯನ್ನೇ ಮಾರಬೇಕು. ಎರಡನೆಯದು ಅಗ್ಗವಾಗಿ ಕಂಡರೂ ನಮ್ಮ ಸಾರು ಉಂಡ ಪ್ರತಿಯೊಬ್ಬ ಅತಿಥಿಯ ಲೆಕ್ಕದಲ್ಲೂ ಪುಡಿಯವರಿಗೆ ಕಾಣಿಕೆ ಸಲ್ಲಬೇಕೆಂಬ ಕರಾರು. ಮೂರನೆಯದು ನಮ್ಮ ಕೈಗೆಟುಕುವಂಥದು, ಅತಿಥಿಗಳ ಮೇಲೆ ಅದಕ್ಕೆ ಕಣ್ಣಿಲ್ಲ. ಒಂದೇ ನಿಬಂಧನೆ, ಸೌಟು ಹಿಡಿಯುವವರು, ಅಂದರೆ ಅದನ್ನು ಬಳಸಿ ಪ್ರೋಗ್ರಾಮ್ ಬರೆಯುವವರು, ಒಬ್ಬರೇ ಇರಬೇಕು, ಅವರ ಹೆಸರಿನಲ್ಲಿಯೇ ಪರವಾನಗಿ, ಅದನ್ನು ಮತ್ತೊಬ್ಬರಿಗೆ ವರ್ಗಾಯಿಸುವಂತಿಲ್ಲ.

ನಾನು ಮೂರರ ಜೊತೆಗೂ ಬಂದಿದ್ದ ಸುಂದರ ಪುಸ್ತಿಕೆಗಳನ್ನು ಲೋಕಲಿನಲ್ಲಿ ಮೂರು ದಿನ ಓದಿ ಮೊದಲನೆಯದೇ ಉತ್ತಮವೆಂದು ಘೋಷಿಸಿದೆ. ಭಾಗೀರಥಿ ಪುಸ್ತಿಕೆ ಓದಲಿಲ್ಲ. ಮನೆಯಿಂದ ಅವ್ವನ ಇಳಕಲ್ ಸೀರೆ ತಂದಳು. ಅದರ ದಡಿಯ ಮೇಲೆ ಯಾವುದೋ ಹಬ್ಬದ ಅರಿಶಿನದ ಕಲೆಯೊಂದು ಶಾಶ್ವತವಾಗಿ ಬೀಡುಬಿಟ್ಟಿತ್ತು. ಸ್ಕ್ಯಾನರನ್ನು ಇಸ್ತ್ರಿಯಂತೆ ಅದರ ಮೇಲೆ ಮೆಲ್ಲಗೆ ಎಳೆದು, ಆ ಚಿತ್ರವನ್ನು ಮೂರು ಟೂಲ್‌ಕಿಟ್ಟುಗಳಿಗೂ ಬಡಿಸಿದಳು. ನನ್ನ ಸರ್ವಗುಣಸಂಪನ್ನನು ಕಲೆಯ ಜೊತೆ ದಡಿಯ ಎಳೆಗಳನ್ನೂ ನುಂಗಿದನು. ಎರಡನೆಯದು ಕಲೆಯನ್ನು ಮುಟ್ಟಲಿಲ್ಲ. ಮೂರನೆಯದು, ನಾವು ಕೆಳಗಿಳಿದು ಟೀ ಕುಡಿದು ಬರುವಷ್ಟು ಹೊತ್ತು ತೆಗೆದುಕೊಂಡರೂ, ಕಲೆಯನ್ನಷ್ಟೇ ತೆಗೆದು ಎಳೆಗಳನ್ನು ಉಳಿಸಿತ್ತು. "ಹೊಲಸ್ ತೆಗದು ನೇಯ್ಗಿ ಇಟ್ಟದ ನೋಡ್ರಿ ಸರ್. ಇದ ನಮಗ ಬೇಕಾದ್ದು" ಎಂದಳು. ನನ್ನ ಮೂರು ದಿನದ ವ್ಯಾಸಂಗ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಇನ್ನು ಅರ್ಜಿ. ಸೌಟು ಹಿಡಿಯುವವರ ಹೆಸರು ಯಾವುದು? ಸೇಠ್‌ಗೆ ಸಂದೇಹವೇ ಇರಲಿಲ್ಲ. "ಲಡ್ಕೀ ಕಾ ನಾಮ್ ಮತ್ ಡಾಲೋ, ರಂಗನಾಥ್. ಶಾದೀ ಹೋಗೀ, ನಾಮ್ ಬದಲ್ ಜಾಯೇಗಾ, ಲೈಸೆನ್ಸ್ ಪಾನೀ ಮೇ" ಎಂದರು. ಹುಡುಗಿಯ ಹೆಸರು ಹಾಕಿದರೆ ಮದುವೆಯಾದೊಡನೆ ಹೆಸರು ಬದಲಾಗಿ ಪರವಾನಗಿ ನೀರುಪಾಲು ಎಂಬುದು ಅವರ ತರ್ಕ. ಸತ್ಯ ಹೇಳಬೇಕೆಂದರೆ ನನಗೂ ಆ ತರ್ಕ ಹಿತವಾಗಿಯೇ ಕೇಳಿಸಿತು. ಟೂಲ್‌ಕಿಟ್ಟನ್ನು ಶುರುಮಾಡಿದಾಗಲೆಲ್ಲ ಪರವಾನಗಿದಾರರ ಹೆಸರು ಪರದೆಯ ಮೇಲೆ ಮೂಡುತ್ತದೆಂದು ಪುಸ್ತಿಕೆಯಲ್ಲಿ ಓದಿದ್ದೆನಲ್ಲ! ಇತ್ತ ಭಾಗೀರಥಿ ಏನನ್ನೂ ಕೇಳಲಿಲ್ಲ, ಅವ್ವನ ಸೀರೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಒಬ್ಬರಿಗೇ ಪರವಾನಗಿಯೆಂದ ಮೇಲೆ ಹೆಸರಿಲ್ಲದವರಿಗೆ ಆ ಕಚೇರಿಯಲ್ಲಿ ಟೈಪು ಮಾಡುವುದರ ಹೊರತು ಕೆಲಸವಿರುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಸಂಜೆ ಮನೆಯಲ್ಲಿ ಈ ಧರ್ಮಸಂಕಟವನ್ನು ಬಹಳ ಗಾಂಭೀರ್ಯದಿಂದ ನಿವೇದಿಸಿದೆ. ನನ್ನ ಹೆಂಡತಿ ಸರಸ ಹುರುಳಿಕಾಯಿ ನಾರು ತೆಗೆಯುತ್ತ, "ಕೆಲಸ ಮಾಡೋದು ಅವಳು, ಹೆಸರು ನಿಮ್ಮದಾ? ಅವಳ ಹೆಸರು ಬರೆದ್ರೆ ನಿಮ್ಮ ಕೈ ಸವೆದು ಹೋಗುತ್ತಾ?" ಎಂದಳು. ಮನುಷ್ಯನ ಆತ್ಮಸಾಕ್ಷಿ ಒಳಗಿರುತ್ತದೆಂದು ಹೇಳುವವರು ಅವಿವಾಹಿತರಿರಬೇಕು.

ಮರುದಿನ ಸೇಠ್‌ಗೆ ತಿಳಿಸದೆ ಅರ್ಜಿಯಲ್ಲಿ ಅವಳ ಹೆಸರನ್ನೇ ಬರೆದೆ. ಔದಾರ್ಯದ ಆ ಉದ್ವೇಗದಲ್ಲಿ ನನ್ನ ಮೈಸೂರಿನ ಕೈ ತನ್ನ ಹಳೆಯ ಚಾಳಿಯನ್ನು ಬಿಡಲಿಲ್ಲ. ಊರು ವಿಜಾಪುರ, ಅಪ್ಪ ರಾಘವೇಂದ್ರ, ಆದ್ದರಿಂದ ವಿ. ಆರ್. ಭಾಗೀರಥಿ. ತಿಂಗಳೊಪ್ಪತ್ತಿನಲ್ಲಿ ಫ್ಲಾಪಿಗಳೂ ದಪ್ಪ ಕಾಗದದ ಪರವಾನಗಿಯೂ ಬಂದವು. ಸೇಠ್ ಒಂದು ದಿನವಿಡೀ ನನ್ನೊಡನೆ ಮಾತಾಡಲಿಲ್ಲ, ಆಮೇಲೆ ಕೆಲಸ ಸಾಗುವುದನ್ನು ಕಂಡು ಮರೆತರು. ಭಾಗೀರಥಿ ಮಾತ್ರ ಕಾಗದವನ್ನು ಹಿಂದೆಮುಂದೆ ನೋಡಿ, "ಸರ್, ನನ್ನ ಅಡ್ಡಹೆಸರು ಎಲ್ಲಿ ಹೋತ್ರಿ? ನಮ್ಮಪ್ಪನ್ನ ಒಂದಕ್ಷರಾ ಮಾಡಿ ಮೂಲ್ಯಾಗ ಕುಂಡ್ರಿಸೀರಲ್ಲ!" ಎಂದು ಕಣ್ಣರಳಿಸಿದಳು. ನಾಲ್ಕು ತಲೆಮಾರಿನಿಂದ ಬಂದ ಅವಳ ಕುಲನಾಮವನ್ನು ನಾನು ಒಂದೇ ಏಟಿಗೆ ಸಮುದ್ರದಾಚೆ ಅಳಿಸಿಹಾಕಿದ್ದೆ. ಪರವಾನಗಿಯ ಭಾರವೆಲ್ಲ ಈಗ 'ಭಾಗೀರಥಿ' ಎಂಬ ಒಂದೇ ಹೆಸರಿನ ಮೇಲೆ ನಿಂತಿತ್ತು.

ಒಂದು ಶನಿವಾರ ಅವಳ ತಂದೆ, ರೈಲ್ವೆಯಲ್ಲಿದ್ದವರು, ಪರದೆಯ ಮೇಲಿನ ಹೆಸರು ನೋಡಲೆಂದೇ ಬಂದರು. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತರು. ಹೆಸರು ಮೂಡಿ ಮರೆಯಾಯಿತು. "ಇನ್ನೊಮ್ಮೆ ತೋರಸ್ ಮಗಾ" ಎಂದರು. ಅದು ಅವರ ತಾಯಿಯ ಹೆಸರಂತೆ, ಅಜ್ಜಿ ತೀರಿಕೊಂಡ ವರ್ಷವೇ ಹುಟ್ಟಿದ ಮಗಳಿಗೆ ಇಟ್ಟದ್ದು. ಅವರಿಗಾಗಿ ಅವಳು ಟೂಲ್‌ಕಿಟ್ಟನ್ನು ನಾಲ್ಕು ಸಲ ಶುರುಮಾಡಿದಳು. ನಾನು ಕಿಟಕಿಯ ಕಡೆ ತಿರುಗಿ ಏನನ್ನೋ ಹುಡುಕುವವನಂತೆ ನಟಿಸಬೇಕಾಯಿತು.

ವರ್ಷ ತುಂಬುವುದರೊಳಗೆ ಅವಳ ಮದುವೆ ನಿಶ್ಚಯವಾಯಿತು. ಹುಡುಗ ಗಿರೀಶ, ಬ್ಯಾಂಕಿನಲ್ಲಿ ನೌಕರಿ, ನಮ್ಮ ಮುಲುಂಡಿನವನೇ, ಅವರ ಕಡೆಯ ಜನವೇ. ಅವರ ಪದ್ಧತಿಯಲ್ಲಿ ಮದುವೆಯ ದಿನ ಅತ್ತೆ ತಟ್ಟೆಯ ತುಂಬ ಅಕ್ಕಿ ಹರವಿ ಕೊಡುತ್ತಾರೆ, ಮಗ ಉಂಗುರದಿಂದ ಅದರಲ್ಲಿ ಸೊಸೆಗೆ ಹೊಸ ಹೆಸರು ಬರೆಯುತ್ತಾನೆ. ಕುಲನಾಮವಷ್ಟೇ ಅಲ್ಲ, ತೊಟ್ಟಿಲಲ್ಲಿಟ್ಟ ಹೆಸರೂ ಅಂದಿಗೆ ಮುಗಿಯಿತು. ಸೇಠ್ ವಿಜಯೋತ್ಸಾಹದಿಂದ "ದೇಖಾ?" ಎಂದರು. ಹೆಸರು ಹೋದರೆ ಪರವಾನಗಿ ಹೋಗುತ್ತದೆ, ಪರವಾನಗಿ ಹೋದರೆ ಅವಳನ್ನಿಟ್ಟುಕೊಂಡು ಮಾಡುವುದೇನು ಎಂದು ಅವಳೆದುರಿಗೇ ಕೇಳಿಯೂಬಿಟ್ಟರು. ಕೊನೆಗೆ ಟೂಲ್‌ಕಿಟ್ಟಿನವರಿಗೇ ಕಾಗದ ಬರೆದು ಕೇಳುವುದೆಂದಾಯಿತು. ನಮ್ಮ ನಾಮಕರಣ ಸಂಪ್ರದಾಯವನ್ನು, ಅಕ್ಕಿ ತಟ್ಟೆ ಉಂಗುರಗಳ ಸಮೇತ, ಎರಡು ಪುಟದ ಇಂಗ್ಲಿಷಿನಲ್ಲಿ ವಿವರಿಸಿದೆ. ಅಷ್ಟು ಶ್ರದ್ಧೆಯಿಂದ ನಾನು ಪ್ರೋಗ್ರಾಮನ್ನೂ ಬರೆದವನಲ್ಲ.

ಉತ್ತರ ಬಂದದ್ದು ಮದುವೆಯ ಹಿಂದಿನ ದಿನ, ಅವಳು ರಜೆಯಲ್ಲಿದ್ದಾಗ. ಅಕ್ಕಿಯ ವಿಷಯ ತಮಗೆ ಸರಿಯಾಗಿ ಅರ್ಥವಾಗಲಿಲ್ಲವೆಂದೂ, ಪರವಾನಗಿ ಕೊಟ್ಟದ್ದು ವ್ಯಕ್ತಿಗೇ ಹೊರತು ಹೆಸರಿಗಲ್ಲವೆಂದೂ, ಹೊಸ ಹೆಸರನ್ನೊಂದು ಕಾರ್ಡಿನಲ್ಲಿ ತಿಳಿಸಿದರೆ ಸಾಕೆಂದೂ, ಮದುಮಗಳಿಗೆ ಶುಭಾಶಯವೆಂದೂ ಬರೆದಿದ್ದರು. ಸೇಠ್‌ಗೆ ಓದಿ ಹೇಳಿದೆ, ಅವರು ಸಮಾಧಾನಗೊಂಡರು. ಅವಳ ನೌಕರಿ ಉಳಿಯಿತು. ಇದಕ್ಕಿಂತ ದೊಡ್ಡ ಉಡುಗೊರೆ ಯಾವುದಿದೆಯೆಂದು ಕಾಗದವನ್ನು ಜೇಬಿನಲ್ಲಿಟ್ಟುಕೊಂಡು, ಸರಸಳೊಂದಿಗೆ ಮದುವೆಯ ಹಾಲಿಗೆ ಹೋದೆ.

ಧಾರೆ ಮುಗಿದು ಅಕ್ಕಿಯ ತಟ್ಟೆ ಬಂದಿತ್ತು. ಗಿರೀಶನಿಗೆ ಹೊಂದುವಂತೆ 'ಗೌರಿ' ಎಂಬ ಹೆಸರನ್ನು ಆರಿಸಿಟ್ಟಿದ್ದರು. ಆದರೆ ಮಂಟಪದಲ್ಲಿ ಏನೋ ಗುಜುಗುಜು. ಭಾಗೀರಥಿ ತಲೆ ತಗ್ಗಿಸಿಕೊಂಡು, ಆದರೆ ಎಲ್ಲರಿಗೂ ಕೇಳುವಂತೆ, "ಹೆಸರ ಬದಲಿ ಮಾಡಿದ್ರ ಲೈಸೆನ್ಸ್ ಹೋಗ್ತದರಿ ಅತ್ಯಾ, ನೌಕರಿ ಸೈತ ಹೋಗ್ತದ. ಬೇಕಾದ್ರ ನಮ್ಮ ಸರ್ ಅಲ್ಲೇ ನಿಂತಾರ, ಕೇಳ್ರಿ" ಎನ್ನುತ್ತಿದ್ದಳು.

ಇಡೀ ಮಂಟಪ ನನ್ನ ಕಡೆ ತಿರುಗಿತು. ಜೇಬಿನಲ್ಲಿ ಕಾಗದ. ನಾನು ತಂದ ಸಂತೋಷದ ಸುದ್ದಿ ಅವಳ ಪಾಲಿಗೆ ಎಂಥ ಕೆಟ್ಟ ಸುದ್ದಿಯೆಂಬುದು ಆಗಷ್ಟೇ ನನ್ನ ಮಂದಬುದ್ಧಿಗೆ ಹೊಳೆಯಿತು. ಅವಳು ತಲೆಯೆತ್ತಿ ನೋಡಿದಳು. ಕಚೇರಿಯಲ್ಲಿ ಸೀರೆ ಮಡಚಿ ಚೀಲಕ್ಕೆ ಹಾಕಿಕೊಂಡ ದಿನ ಕೇಳದೇ ಬಿಟ್ಟದ್ದನ್ನು ಈಗ ಕೇಳುತ್ತಿದ್ದಳು. ಪಕ್ಕದಲ್ಲಿ ಸರಸ ಮೊಣಕೈಯಿಂದ ತಿವಿದಳು.

"ನಿಜ" ಎಂದೆ. "ಹೆಸರಿನ ಒಂದಕ್ಷರ ಬದಲಾದರೂ ಅಮೆರಿಕದವರು ಒಪ್ಪುವುದಿಲ್ಲ. ಬಹಳ ಕಟ್ಟುನಿಟ್ಟು." ಮಂತ್ರಘೋಷದ ನಡುವೆ, ಅಗ್ನಿಸಾಕ್ಷಿಯಾಗಿ, ಜರಿಪಂಚೆ ಉಟ್ಟುಕೊಂಡು ಹೇಳಿದ ಆ ಸುಳ್ಳಿಗಾಗಿ ಇಂದಿಗೂ ನನಗೆ ಪಶ್ಚಾತ್ತಾಪ ಹುಟ್ಟಿಲ್ಲ. ಪುರೋಹಿತರು ಗಡಿಯಾರ ನೋಡಿ, "ಗಿರೀಶನ ತಲಿ ಮ್ಯಾಲ ಕೂತಾಕಿ ಭಾಗೀರಥಿನೇ ಅಲ್ಲೇನ್ರಿ? ನಡೀತದ, ನಡೀತದ" ಎಂದು ಪುರಾಣದ ಅನುಮೋದನೆಯನ್ನೂ ಕೊಟ್ಟರು. ಜನ ನಕ್ಕರು, ಗಿರೀಶ ಎಲ್ಲರಿಗಿಂತ ಜೋರಾಗಿ ನಕ್ಕ.

ಅತ್ತೆ ನಗಲಿಲ್ಲ. ಅಕ್ಕಿಯ ತಟ್ಟೆಯನ್ನು ಎತ್ತಿಕೊಂಡು ನಾನು ನಿಂತಲ್ಲಿಗೇ ಬಂದರು. ಬೈಗುಳಕ್ಕೆ ಸಿದ್ಧನಾದೆ. ಅವರು ತಟ್ಟೆಯನ್ನೇ ನೋಡುತ್ತ, "ಖರೇನೇ ಇಂಥಾ ಲೈಸೆನ್ಸ್ ಇರ್ತಾವೇನ್ರಿ? ನಮ್ಮ ಕಾಲಕ್ಕ ಇರಲಿಲ್ಲ ನೋಡ್ರಿ" ಎಂದರು.

ನನ್ನ ಬಾಯಿಂದ ತಾನೇ ಹೊರಟಿತು. "ನಿಮ್ಮ ಮೊದಲಿನ ಹೆಸರು ಏನಮ್ಮ?"

ಅವರು ಒಂದು ಕ್ಷಣ ತಡೆದರು. ನೆನಪಿಗೆ ಬಾರದೆ ಅಲ್ಲ, ಬಾಯಿಗೆ ರೂಢಿ ತಪ್ಪಿತ್ತು. ಮೆಲ್ಲಗೆ ಹೇಳಿದರು. ಹಿಂದೆಯೇ ಬಂದಿದ್ದ ಗಿರೀಶ "ಏನಂದಿ ಅವ್ವಾ?" ಎಂದ. "ಏನಿಲ್ಲಪಾ, ನೀ ಬರಿ, ಭಾಗೀರಥಿ ಅಂತ ಬರಿ" ಎಂದು ಅಂಗೈಯಿಂದ ಅಕ್ಕಿಯನ್ನು ಸಮ ಮಾಡಿ ಮಗನ ಮುಂದೆ ಹಿಡಿದರು.

ಮನೆಮಂದಿಗೆಲ್ಲ ಅವರು ಸುಮಿತ್ರಾಬಾಯಿ. ವಾದ್ಯದ ಗಲಾಟೆಯಲ್ಲಿ ಆ ಹಳೆಯ ಹೆಸರು ಕೇಳಿಸಿದ್ದು ನನಗೊಬ್ಬನಿಗೇ. ಇನ್ನೆಲ್ಲೂ ಬರೆದಿಲ್ಲವೆಂದು ತೋರುತ್ತದೆ, ಅದಕ್ಕಾಗಿ ಇಲ್ಲಿ ಬರೆದಿಡುತ್ತೇನೆ. ತುಂಗಾ.